ಸೊನ್ನೆಯಾಚೆಯ ಮೂರು ಗೆರೆ

ಅನಸೂಯಳ ಉಂಗುರದೊಳಗೆ ಇಷ್ಟು ವರ್ಷವಾದರೂ ಯಾರೂ ಬಂದು ಕೂತಿರಲಿಲ್ಲ.

ಉಂಗುರವೆಂದರೆ ಬೆರಳಿಗೆ ಹಾಕುವಂಥದ್ದಲ್ಲ. ಕಣ್ಣಿಗೆ ಕಾಣುವುದು ಸಣ್ಣ ಗಾಜಿನ ಸೀಸೆಯ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ, ಅಷ್ಟೆ. ಆ ಪುಡಿಯ ಒಂದೊಂದು ಅಣುವೂ ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿತ್ತು. ನಡುವೆ ದೊಡ್ಡ ಟೊಳ್ಳು. ಅಳತೆ ಹೊಂದುವ ಬೇರೊಂದು ಅಣು ಹತ್ತಿರ ಬಂದರೆ ಆ ಟೊಳ್ಳು ಅದನ್ನು ಗುರುತು ಹಿಡಿದು ಒಳಗೆ ಕೂರಿಸಿಕೊಳ್ಳಬೇಕು. ಕೂರಿಸಿಕೊಳ್ಳುವುದು ಹೋಸ್ಟ್, ಬಂದು ಕೂರುವುದು ಗೆಸ್ಟ್. ಪ್ರೊಫೆಸರ್ ಶಂಕರನಾರಾಯಣ ಇದನ್ನು ಹೊಸಬರಿಗೆ ವಿವರಿಸುವಾಗ ಎಡಗೈಯನ್ನು ಬಟ್ಟಲಿನಂತೆ ಮಾಡಿ ಅದರೊಳಗೆ ಬಲಗೈಯ ಮುಷ್ಟಿ ಇಡುತ್ತಿದ್ದರು. ಅನಸೂಯಳ ಕೆಲಸದ ಮಾತು ಬಂದಾಗ ಬರೀ ಎಡಗೈ ಮುಂದೆ ಚಾಚಿ ಸುಮ್ಮನಾಗುತ್ತಿದ್ದರು.

ಆ ಪುಡಿ ಮಾಡುವುದು ತಾಳ್ಮೆಯ ಕೆಲಸ. ದೊಡ್ಡ ಫ್ಲಾಸ್ಕಿನ ತುಂಬ ದ್ರಾವಕ ಇಟ್ಟುಕೊಂಡು ಅದಕ್ಕೆ ಉಂಗುರವಾಗಬೇಕಾದ ಎರಡು ಬಗೆಯ ಅಣುವಿನ ತುಂಡುಗಳನ್ನು ಬೆಳಗಿನಿಂದ ಸಂಜೆಯವರೆಗೆ ಹನಿ ಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ತುಂಡುಗಳು ಒಂದರ ಬಾಲ ಇನ್ನೊಂದು ಹಿಡಿದು ಉದ್ದನೆಯ ಸರಪಳಿಯಾಗಿ ಎಲ್ಲ ಗೋಂದಾಗಿಬಿಡುತ್ತದೆ. ಸುತ್ತ ಯಾರೂ ಇಲ್ಲದಿದ್ದರೆ ಮಾತ್ರ ತನ್ನ ಬಾಲವನ್ನು ತಾನೇ ಹಿಡಿದು ಉಂಗುರವಾಗುತ್ತದೆ. ಅನಸೂಯಳಿಗೆ ಆ ಕೆಲಸ ಒಗ್ಗಿತ್ತು. ಹನಿ ಬೀಳುವುದನ್ನು ನೋಡುತ್ತ ಇಡೀ ದಿನ ಯಾರ ಜೊತೆಯೂ ಮಾತಾಡದೆ ಕೂರಬಲ್ಲವಳು ಮದರಾಸಿನ ಆ ಲ್ಯಾಬಿನಲ್ಲಿ ಅವಳೊಬ್ಬಳೇ.

ಉಂಗುರ ಕೈಗೂಡಿತು, ಗೆಸ್ಟ್ ಕೈಗೂಡಲಿಲ್ಲ. ಕರ್ಪೂರ, ನ್ಯಾಫ್ತಲೀನ್, ನಾಲಿಗೆ ತೊಡರುವ ಹೆಸರಿನ ಇನ್ನೂ ಎಷ್ಟೋ ಅಣುಗಳನ್ನು ಅವಳು ಉಂಗುರದ ಜೊತೆ ಕರಗಿಸಿ ನೋಡಿದ್ದಳು. ಕರಗಿಸುವುದಕ್ಕೆ ಎನ್‌ಎಂಆರ್ ಯಂತ್ರಕ್ಕೆಂದೇ ಬೇರೆಯಾಗಿ ತಯಾರಾಗಿ ಬರುವ ಕ್ಲೋರೋಫಾರ್ಮ್. ಎಲ್ಲರೂ ಬಳಸುತ್ತಿದ್ದದ್ದು ಅದನ್ನೇ. ಕಡ್ಡಿಯಂಥ ಗಾಜಿನ ಟ್ಯೂಬಿನಲ್ಲಿ ಆ ದ್ರಾವಣ ತುಂಬಿ ಯಂತ್ರದ ಕೋಣೆಗೆ ಕೊಟ್ಟರೆ, ಯಾವ ಹೈಡ್ರೋಜನ್ ಎಲ್ಲಿ ಕೂತಿದೆ ಎಂಬುದನ್ನು ಯಂತ್ರ ಉದ್ದನೆಯ ಕಾಗದದ ಮೇಲೆ ಗೆರೆಗಳಾಗಿ ಎಳೆದು ಕೊಡುತ್ತದೆ. ಕಾಗದದ ಬಲತುದಿಯ ಹತ್ತಿರ ಸೊನ್ನೆ. ಸಾಮಾನ್ಯವಾಗಿ ಎಲ್ಲ ಗೆರೆಗಳೂ ಸೊನ್ನೆಯ ಎಡಕ್ಕೇ. ಉಂಗುರದ ಒಳಗೆ ಹೋಗಿ ಕೂತ ಅಣುವಿಗೆ ಮಾತ್ರ ಆ ಗೋಡೆಗಳ ಮರೆ ಸಿಕ್ಕಿ, ಅದರ ಗೆರೆಗಳು ಜಾರಿ ಸೊನ್ನೆಯನ್ನು ದಾಟಿ ಬಲಕ್ಕೆ ಬರುತ್ತವೆ. ಅಲ್ಲಿ ಒಂದು ಗೆರೆ ಎದ್ದರೂ ಸಾಕಿತ್ತು. ಅನಸೂಯ ಕಾಗದ ಹಿಡಿದು ಬರುವಾಗ ಶಂಕರನಾರಾಯಣ ತಮ್ಮ ಬಾಗಿಲಲ್ಲೇ ನಿಂತು ಹುಬ್ಬೇರಿಸುತ್ತಿದ್ದರು. ಅವಳು, "ಒಣ್ಣುಮಿಲ್ಲೆ ಸಾರ್," ಎನ್ನುತ್ತಿದ್ದಳು ತಮಿಳಿನಲ್ಲಿ. ಏನೂ ಇಲ್ಲ. ಅದನ್ನು ಹೇಳಿ ಹೇಳಿ ಅವಳ ದನಿಯಲ್ಲಿ ಬೇಸರ ಕೂಡ ಉಳಿದಿರಲಿಲ್ಲ.

ಪೊಂಗಲ್ಲಿಗೆ ಮೊದಲು ಥೀಸಿಸ್ಸಿನ ಸಾರಾಂಶ ಕೊಡಬೇಕಿತ್ತು. ಫೆಲೋಶಿಪ್ಪಿನ ಅವಧಿ ಮುಗಿಯುತ್ತ ಬಂದಿತ್ತು. ಖಾಲಿ ಉಂಗುರವನ್ನು ಮಾಡಿದೆ ಎಂದು ಬರೆದು ಕೊಟ್ಟರೆ ಡಿಗ್ರಿ ಬಂದರೂ ಬರಬಹುದು, ಹೆಸರು ಬರುವುದಿಲ್ಲ. ಅಂಥ ಹೊತ್ತಿನಲ್ಲಿ, ತೊಂಬತ್ತೊಂಬತ್ತರ ಆಗಸ್ಟಿನಲ್ಲಿ, ಶಾಲಿನಿ ಬಂದು ಸೇರಿದಳು.

ಶಾಲಿನಿ ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿದ ಹುಡುಗಿ. ಮದರಾಸನ್ನು ಹಿಂದೆ ಕಂಡವಳಲ್ಲ, ತಮಿಳು ಒಂದು ಮಾತೂ ಬಾರದು. ಶಂಕರನಾರಾಯಣ ಇಬ್ಬರನ್ನೂ ಕರೆದು ಎರಡು ಮಾತು ಹೇಳಿದರು. ಒಂದು, ಅನಸೂಯಳ ಉಂಗುರದಲ್ಲಿ ಅರ್ಧ ಪಾಲನ್ನು ಶಾಲಿನಿಗೆ ಕೊಡಬೇಕು, ಅನಸೂಯ ಮಾಡಿದ ಪ್ರಯೋಗಗಳನ್ನೆಲ್ಲ ಅವಳು ಮೊದಲಿಂದ ಮಾಡಿ ಕೈ ಪಳಗಿಸಿಕೊಳ್ಳಲಿ. ಎರಡು, ಹಾಸ್ಟೆಲಿನಲ್ಲಿ ರೂಮು ಸಿಗುವುದು ತಡವಾಗುತ್ತದೆ, ನೀವೂ ಕನ್ನಡದವರಲ್ಲವೇ, ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲಾದೀತೇ. ಅನಸೂಯಳಿಗೆ ಮೊದಲನೆಯದು ಎದೆಗೆ ಹೊಕ್ಕಿತು. ಅದರ ಗುಂಗಿನಲ್ಲಿ ಎರಡನೆಯದಕ್ಕೆ ತಲೆಯಾಡಿಸಿಬಿಟ್ಟಳು.

ಮನೆ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ, ಎರಡು ರೂಮಿನ ಫ್ಲಾಟು. ಅಪ್ಪ ಪದ್ಮನಾಭರು ರೈಲಿನಲ್ಲಿ ಟಿಕೆಟ್ ಪರೀಕ್ಷಿಸುವ ಕೆಲಸದವರು. ಬೆಂಗಳೂರಿಗೆ ಹೋಗುವುದು ಬರುವುದು, ಮನೆಯಲ್ಲಿದ್ದಾಗ ಮಲಗುವುದು. ಅಮ್ಮ ಪ್ರೇಮಮ್ಮ ನಂಜನಗೂಡಿನವಳು, ಮದುವೆಯಾಗಿ ಈ ಊರಿಗೆ ಬಂದವಳು. ಅನಸೂಯ ಹುಟ್ಟಿದ್ದು ಓದಿದ್ದು ಇಲ್ಲೇ. ಕನ್ನಡ ಕಿವಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು. ತಿಂಡಿಗೆ ಏನು ಮಾಡಲಿ ಎಂದು ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು "ಎದಾವದು," ಎಂದುಬಿಡುತ್ತಿದ್ದಳು, ಏನಾದರೂ ಆಗಲಿ ಎಂದು. ಅಮ್ಮ ಮಾತು ಕಡಿಮೆ ಆಡುವ ಹೆಂಗಸು, ತಾನೂ ಅವಳ ಹಾಗೇ, ಅದು ತಮ್ಮ ಮನೆಯ ಸ್ವಭಾವ ಎಂದು ಅನಸೂಯ ತಿಳಿದಿದ್ದಳು. ಆ ಮೌನ ಅವಳಿಗೆ ಹಿತವಾಗಿಯೂ ಇತ್ತು.

ಶಾಲಿನಿ ಬಂದ ದಿನ ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟವಳೇ ಕತ್ತೆತ್ತಿ, "ಆಂಟಿ, ಇದು ನಮ್ಮ ಕಡೆ ಹುಳಿ," ಎಂದಳು.

ಪ್ರೇಮಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. "ನಿಮ್ಮ ಕಡೆ ಅಂದ್ರೆ ಯಾವೂರಮ್ಮ?"

"ನರಸೀಪುರ."

"ಹಾಗಾದ್ರೆ ನಮ್ಮೂರು ಮುಂದೆ ಹೋದ ನೀರೇ ನಿಮ್ಮೂರಿಗೆ ಬರೋದು. ನಮ್ಮ ಕಪಿಲೆ," ಎಂದು ಪ್ರೇಮಮ್ಮ ಇನ್ನೊಂದು ಸೌಟು ಹುಳಿ ಬಡಿಸಿದಳು. "ನಾವು ಒಗೆದ ಸೀರೆ ಕೊಳೆ ಎಲ್ಲಾ ನಿಮ್ಮ ಪಾಲಿಗೆ."

"ಅದಕ್ಕೇ ನಮ್ಮೂರಲ್ಲಿ ನೀರು ಅಷ್ಟು ರುಚಿ ಇರ್ತಿತ್ತು," ಎಂದಳು ಶಾಲಿನಿ.

ಅಮ್ಮ ನಕ್ಕಳು. ಅವಳು ನಗುವಾಗ ಮೂಗಿನ ಎರಡೂ ಪಕ್ಕ ನೆರಿಗೆ ಬೀಳುವುದನ್ನು ಅನಸೂಯ ಆವತ್ತು ಮೊದಲ ಸಲ ಗಮನಿಸಿದಳು. ತನ್ನ ತಟ್ಟೆಗೆ ಹುಳಿ ಯಾರೂ ಬಡಿಸಿರಲಿಲ್ಲ. ಅವಳೇ ಪಾತ್ರೆ ಎಳೆದುಕೊಂಡಳು.

ಅಲ್ಲಿಂದ ಮುಂದೆ ಮನೆ ಬದಲಾಯಿತು. ಸಂಜೆ ಇಬ್ಬರೂ ಲ್ಯಾಬಿನಿಂದ ಬಂದರೆ ಅನಸೂಯ ಒಳರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವಳು. ಶಾಲಿನಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಪ್ರೇಮಮ್ಮನ ಜೊತೆ ಮಾತಿಗಿಳಿಯುವಳು. ಬಾಗಿಲ ಸಂದಿಯಿಂದ ಎಲ್ಲ ಕೇಳುತ್ತಿತ್ತು. ಅಮ್ಮನಿಗೆ ಶಾಲೆಯಲ್ಲಿ ಕೊಕ್ಕೋ ಆಟದಲ್ಲಿ ಬಹುಮಾನ ಬಂದದ್ದು, ಅಮ್ಮನ ಅಣ್ಣನೊಬ್ಬ ಹೊಳೆಯಲ್ಲಿ ಮುಳುಗಿ ಹೋದದ್ದು, ಮಾಂಬಲಂಗೆ ಬಂದ ಹೊಸದರಲ್ಲಿ ತರಕಾರಿಯವಳಿಗೆ ಬೆರಳು ತೋರಿಸಿ ತೋರಿಸಿ ಬೇಕಾದ್ದನ್ನು ಬಿಟ್ಟು ಬೇರೇನೋ ತಂದದ್ದು. ಒಂದು ದಿನ ಪೇಪರಿನ ವಿಷಯ ಬಂತು. ಆ ಕಾಲದಲ್ಲಿ ಪದ್ಮನಾಭರು ಡ್ಯೂಟಿ ಮುಗಿಸಿ ಬರುವಾಗ ರೈಲಿನಲ್ಲಿ ಜನ ಬಿಟ್ಟು ಹೋದ ಕನ್ನಡ ಪೇಪರುಗಳನ್ನು ಆರಿಸಿ ತರುತ್ತಿದ್ದರಂತೆ. ಮಾತಾಡಲು ಯಾರೂ ಇಲ್ಲದೆ ಪ್ರೇಮಮ್ಮ ಅವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳಂತೆ, ಟೆಂಡರ್ ನೋಟೀಸನ್ನೂ ಬಿಡದೆ. ಎಸೆಯಲು ಮನಸ್ಸು ಬಾರದೆ ಡಬ್ಬಗಳ ಕೆಳಗೆ ಹಾಸಿದಳಂತೆ.

ಆ ಪೇಪರುಗಳನ್ನು ಅನಸೂಯ ಹುಟ್ಟಿದಾಗಿನಿಂದ ನೋಡಿದ್ದಳು. ಅಡುಗೆಮನೆಯ ಅಟ್ಟದ ಹಲಗೆಯ ಅಂಚಿನಿಂದ ಹಳದಿಯಾಗಿ ಇಳಿಬಿದ್ದಿರುತ್ತಿದ್ದವು. ಎಲ್ಲಿಂದ ಬಂದವು ಎಂದು ಅವಳು ಕೇಳಿರಲಿಲ್ಲ. ಅಮ್ಮ ಹೇಳಿರಲೂ ಇಲ್ಲ. ತನ್ನ ಪಾಲಿಗೆ ಬರಬೇಕಾದ್ದನ್ನು ನಿನ್ನೆ ಮೊನ್ನೆ ಬಂದವಳು ಹೊಸ್ತಿಲಲ್ಲಿ ಕೂತು ಸುಲಭವಾಗಿ ತೆಗೆದುಕೊಳ್ಳುತ್ತಿದ್ದಾಳೆ ಎನಿಸಿತು. ಸ್ವಲ್ಪ ಹೊತ್ತಿಗೆ ಶಾಲಿನಿ, "ಅಮ್ಮ, ಉಪ್ಪು ನೋಡ್ಲಾ?" ಎಂದದ್ದು ಕೇಳಿಸಿತು. ಆಂಟಿ ಹೋಗಿ ಅಮ್ಮ ಎಂದಾಗಿತ್ತು. ಊಟಕ್ಕೆ ಕರೆದಾಗ ಅನಸೂಯ ಒಳಗಿನಿಂದಲೇ, "ಪಸಿ ಇಲ್ಲೆ," ಎಂದಳು. ಹಸಿವಿಲ್ಲ. ಪ್ರೇಮಮ್ಮ ಎರಡನೇ ಸಲ ಕರೆಯಲಿಲ್ಲ. ಮೊದಲೂ ಕರೆಯುತ್ತಿರಲಿಲ್ಲ, ಆದರೆ ಮೊದಲು ಅದು ನೋಯುತ್ತಿರಲಿಲ್ಲ.

ಲ್ಯಾಬಿನಲ್ಲೂ ಅದೇ. ಶಾಲಿನಿಗೆ ಎಲ್ಲರ ಜೊತೆ ಮಾತು. ಬಾರದ ತಮಿಳನ್ನು ತಪ್ಪು ತಪ್ಪಾಗಿ ಆಡಿ ನಗಿಸುವಳು. ಅನಸೂಯಳ ಪುಡಿಯನ್ನು ತೂಗುವಾಗ ಮಾತ್ರ ಉಸಿರು ಬಿಗಿಹಿಡಿದು, ಒಂದು ಕಣ ಚೆಲ್ಲದ ಹಾಗೆ ತೂಗುತ್ತಿದ್ದಳು. ಅವಳು ಒರಟಾಗಿ ಕೆಲಸ ಮಾಡಿದ್ದರೆ ಅನಸೂಯಳಿಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಕಾಗದದ ಮೇಲೆ ಸೊನ್ನೆಯಾಚೆ ಗೆರೆ ಏಳಬಾರದು ಎಂದು ಅವಳು ಬೇಡಿಕೊಳ್ಳತೊಡಗಿದಳು. ತನ್ನ ಉಂಗುರ ಹೀಗೇ ಖಾಲಿ ಇರಲಿ, ಆದರೆ ಅವಳ ಕೈಯಲ್ಲಿ ತುಂಬದಿರಲಿ.

ನವರಾತ್ರಿಗೆ ಮುಂಚೆ ಶಾಲಿನಿ ಕರ್ಪೂರದವರೆಗೆ ಬಂದಿದ್ದಳು. ಯಂತ್ರದ ಕ್ಲೋರೋಫಾರ್ಮು ಫ್ರಿಜ್ಜಿನಲ್ಲಿ ಒಂದೇ ಒಂದು ಕಂದು ಬಾಟಲಿ ಉಳಿದಿತ್ತು. ಹೊಸದಕ್ಕೆ ಆರ್ಡರ್ ಹೋಗಿ ತಿಂಗಳುಗಳಾಗಿದ್ದವು, ಬರುವುದು ಪೊಂಗಲ್ ಕಳೆದ ಮೇಲೇ ಎಂದು ಸ್ಟೋರಿನವರು ಹೇಳಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅನಸೂಯ ಫ್ರಿಜ್ಜು ತೆಗೆದಳು. ತಣ್ಣನೆಯ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲಕ್ಕೆ ಇಳಿಬಿಟ್ಟಳು. ಮರುದಿನ ಶಾಲಿನಿ ಬಂದು ಕೇಳಿದಾಗ ಮುಖ ತಿರುಗಿಸದೆ, ಮುಗಿದುಹೋಗಿದೆ ಎಂದಳು.

"ಹಾಗಾದ್ರೆ ಪೊಂಗಲ್‌ವರೆಗೂ ಕಾಯ್ಬೇಕಾ ಅಕ್ಕ?"

ಕಾಯದೆ ಇನ್ನೇನು ಮಾಡುತ್ತೀ ಎಂದು ಹೇಳಬಹುದಿತ್ತು. ಆದರೆ ಬಾಟಲಿ ಎಲ್ಲಿ ಹೋಯಿತು ಎಂಬ ಮಾತು ಬೆಳೆಯುವುದು ಬೇಡವಾಗಿತ್ತು. ಶೆಲ್ಫಿನ ಮೂಲೆಯಲ್ಲಿ ಟೆಟ್ರಾಕ್ಲೋರೋಈಥೇನ್ ಎಂಬ ಬೇರೊಂದು ದ್ರಾವಕವಿತ್ತು. ಹಿಂದೆ ಯಾರೋ ಪ್ಲಾಸ್ಟಿಕ್ ಕರಗಿಸಲು ತರಿಸಿ ಬಿಟ್ಟು ಹೋದದ್ದು. ಅದನ್ನು ತೋರಿಸಿ, "ಇದ್ರಲ್ಲಿ ಪಣ್ಣಿ ನೋಡು," ಎಂದಳು ಅರ್ಧ ತಮಿಳಿನಲ್ಲಿ, ಮಾಡಿ ನೋಡು ಎಂದು. ಕ್ಲೋರೋಫಾರ್ಮಿನಲ್ಲೇ ಆಗದ್ದು ಈ ಭಾರದ ಮಂಕು ದ್ರಾವಕದಲ್ಲಿ ಏನಾದೀತು ಎಂಬ ಧೈರ್ಯ ಅವಳಿಗಿತ್ತು.

ಆಯುಧಪೂಜೆಗೆ ಎರಡು ದಿನವಿದೆ ಎನ್ನುವಾಗ ಶಾಲಿನಿ ಯಂತ್ರದ ಕೋಣೆಯಿಂದ ಬಂದಳು. ಓಡಿ ಬರಲಿಲ್ಲ. ಕಾಗದವನ್ನು ಹಸಿ ಬಟ್ಟೆಯಂತೆ ಎರಡು ಕೈಯಲ್ಲೂ ಹಿಡಿದುಕೊಂಡು ನಿಧಾನವಾಗಿ ಬಂದು ಅನಸೂಯಳ ಮೇಜಿನ ಮೇಲೆ ಹಾಸಿದಳು.

"ಇದೇನಕ್ಕ ಇದು? ಯಂತ್ರ ಕೆಟ್ಟಿದೆಯಾ?"

ಸೊನ್ನೆಯಾಚೆ ಮೂರು ಗೆರೆಗಳಿದ್ದವು. ಚೂಪಾಗಿ, ಒಂದೇ ಎತ್ತರಕ್ಕೆ. ಕರ್ಪೂರದ ಅಣುವಿನಲ್ಲಿ ಹೊರಕ್ಕೆ ಚಾಚಿದ ಮೂರು ಮೊಗ್ಗುಗಳಿರುತ್ತವೆ, ಮೂರಕ್ಕೂ ಒಂದೊಂದು ಗೆರೆ. ಅನಸೂಯ ಆ ಗೆರೆಗಳನ್ನು ಎಷ್ಟು ಸಲ ಮನಸ್ಸಿನಲ್ಲಿ ಎಳೆದುಕೊಂಡಿದ್ದಳೆಂದರೆ, ಈಗ ಕಂಡಾಗ ಹಳೆಯ ಪರಿಚಯದವರನ್ನು ಬೇರೆಯವರ ಮನೆಯಲ್ಲಿ ಕಂಡ ಹಾಗಾಯಿತು. ಯಂತ್ರ ಕೆಟ್ಟಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಶಂಕರನಾರಾಯಣ ಕಾಗದದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಾವ ದ್ರಾವಕ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಶಾಲಿನಿ ಹೇಳಿದಳು. ಅದನ್ನೇ ಏಕೆ ಆರಿಸಿದೆ ಎಂದು ಕೇಳಿದರು. ಅಕ್ಕ ಹೇಳಿದರು ಎಂದಳು. ಅವರು ಅನಸೂಯಳ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಆ ಕಣ್ಣಿನಲ್ಲಿ ಅವಳು ಕಂಡಿರದ ಒಂದು ಮೆಚ್ಚಿಗೆ ಅಲ್ಲಿತ್ತು.

ಅವಳು ಏನೂ ಹೇಳಲಿಲ್ಲ. ಅವಳು ಮೊದಲಿಂದಲೂ ಮಾತು ಕಡಿಮೆಯವಳಾದ್ದರಿಂದ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಆದರೆ ಶಂಕರನಾರಾಯಣ ಅಷ್ಟಕ್ಕೆ ಬಿಡುವವರಲ್ಲ. ಅದರಲ್ಲಿ ಆಗದ್ದು ಇದರಲ್ಲಿ ಏಕಾಯಿತು, ಅದನ್ನು ಯಾರು ತೋರಿಸಿಕೊಡುತ್ತಾರೋ ಈ ಅಧ್ಯಾಯ ಅವರದು ಎಂದರು. ಪೊಂಗಲ್ಲಿನ ಒಳಗೆ ಅನಸೂಯ ತೋರಿಸಿದರೆ ಅವಳ ಥೀಸಿಸ್ಸಿಗೆ. ಇಲ್ಲವಾದರೆ ಕಂಡವಳು ಶಾಲಿನಿ, ಪೇಪರು ಅವಳ ಹೆಸರಿನಲ್ಲಿ ಹೋಗುತ್ತದೆ, ಉಂಗುರ ಮಾಡಿದವಳೆಂದು ಅನಸೂಯಳ ಹೆಸರು ಅದರ ಹಿಂದೆ. ಯಂತ್ರದ ಕ್ಲೋರೋಫಾರ್ಮು ಇಲ್ಲದೆ ಹೋಲಿಸಿ ನೋಡುವುದು ಹೇಗೆ ಎಂದು ಶಾಲಿನಿಯೇ ಕೇಳಿದಳು. ಮಾಮೂಲು ಕ್ಲೋರೋಫಾರ್ಮು ಹಾಕಿದರೆ ಅದರದೇ ಗೆರೆ ಕಂಬದಂತೆ ಎದ್ದು ಉಂಗುರದ ಗೆರೆಗಳನ್ನು ಮುಚ್ಚಿಬಿಡುತ್ತದೆ, ಅದನ್ನು ಯಾರೂ ಒಪ್ಪುವುದಿಲ್ಲ ಎಂದರು ಪ್ರೊಫೆಸರು. ಅನಸೂಯ ತನ್ನ ಉಗುರು ನೋಡುತ್ತ ನಿಂತಿದ್ದಳು.

ಆವತ್ತು ಶಾಲಿನಿ, ಅಮ್ಮನಿಗೆ ಹಬ್ಬದ ಕೆಲಸಕ್ಕೆ ಕೈ ಹಚ್ಚಬೇಕು ಎಂದು ಬೇಗ ಹೊರಟುಹೋದಳು. ಅನಸೂಯ ಸಂಜೆ ಗಿಂಡಿಯಲ್ಲಿ ಒಬ್ಬಳೇ ರೈಲು ಹತ್ತಿದಳು. ಹೆಂಗಸರ ಡಬ್ಬಿ ತುಂಬಿತ್ತು. ಕಂಬಿಗೆ ಒರಗಿ ನಿಂತಳು. ಅವಳ ಮುಂದಿನ ಕಿರುಸೀಟಿನಲ್ಲಿ ಇಬ್ಬರು ಸಣಕಲು ಟೀಚರುಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಅಚ್ಚು ಹಾಕಿದ ಹಾಗೆ ಕೂತಿದ್ದರು. ಸೈದಾಪೇಟೆಯಲ್ಲಿ ಹೂವಿನ ಬುಟ್ಟಿಯ ದಪ್ಪ ಹೆಂಗಸೊಬ್ಬಳು ಹತ್ತಿ, ಸೀಟಿನ ಕಡೆ ಕಣ್ಣು ಹಾಯಿಸಿ, ಗೊಣಗಿಕೊಂಡು ಬಾಗಿಲ ಬಳಿಯೇ ನಿಂತಳು. ಅಲ್ಲಿ ಜಾಗವಿದೆಯೇ ಎಂದು ಅವಳು ಕೇಳಲೂ ಇಲ್ಲ.

ಅನಸೂಯ ಟೀಚರುಗಳನ್ನೇ ನೋಡಿದಳು. ಅವರ ಮೊಣಕಾಲುಗಳನ್ನು ನೋಡಿದಳು. ಆಮೇಲೆ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳ ಉಂಗುರ ಯಾವತ್ತೂ ಖಾಲಿ ಇರಲಿಲ್ಲ. ಕ್ಲೋರೋಫಾರ್ಮಿನ ಪುಟ್ಟ ಅಣುಗಳು ಇಬ್ಬಿಬ್ಬರಾಗಿ ಒಳಗೆ ಹೊಕ್ಕು, ಸರಿಯಾಗಿ ಹೊಂದಿಕೊಂಡು, ಮೊದಲೇ ಕೂತುಬಿಟ್ಟಿದ್ದವು. ಸುತ್ತಲೂ ಅದರದೇ ಸಮುದ್ರ, ಒಬ್ಬರೆದ್ದರೆ ಇನ್ನೊಬ್ಬರು. ಕರ್ಪೂರ ಬಂದು ಬಾಗಿಲಲ್ಲಿ ನಿಂತು ಹಿಂದಿರುಗಿತ್ತು. ಟೆಟ್ರಾಕ್ಲೋರೋಈಥೇನು ಹೂವಿನವಳ ಹಾಗೆ. ಇಬ್ಬರು ಹಿಡಿಸುವುದಿಲ್ಲ, ಒಬ್ಬರೇ ಕೂತರೆ ಸಡಿಲ. ಆ ಸಡಿಲದಲ್ಲಿ ಕರ್ಪೂರಕ್ಕೆ ಎಡೆ ಸಿಕ್ಕಿತ್ತು. ಕೂರಲು ಬಂದವರಲ್ಲಾಗಲಿ ಉಂಗುರದಲ್ಲಾಗಲಿ ದೋಷವಿರಲಿಲ್ಲ. ಅವಳು ಪ್ರತಿ ಸಲವೂ ಅವರನ್ನು ಯಾವುದರಲ್ಲಿ ಕರಗಿಸಿ ಕರೆದಳೋ ಆ ದ್ರಾವಕವೇ ಅಡ್ಡ ಕೂತಿತ್ತು.

ತೋರಿಸಿಕೊಡುವ ದಾರಿಯೂ ಹೊಳೆಯಿತು. ಶಾಲಿನಿಯ ಟ್ಯೂಬಿಗೆ ಯಂತ್ರದ ಕ್ಲೋರೋಫಾರ್ಮನ್ನು ಹನಿ ಹನಿಯಾಗಿ ಬಿಡಬೇಕು. ಹನಿಗೊಂದು ಸಲ ಮೂರು ಗೆರೆಗಳೂ ತಗ್ಗಬೇಕು. ಕರ್ಪೂರ ಹೊರಬಿದ್ದು, ಸೊನ್ನೆಯ ಈಚೆ ಅದರ ಹಳೆಯ ಜಾಗದಲ್ಲಿ ಕಾಣಿಸಬೇಕು. ಬಾಟಲಿ ಅಡುಗೆಮನೆಯ ಅಟ್ಟದಲ್ಲಿ, ಹುಣಸೆಹಣ್ಣಿನ ಡಬ್ಬದ ಹಿಂದೆ ಇತ್ತು. ಫ್ರಿಜ್ಜಿನ ಮೂಲೆಯಲ್ಲಿ ಐಸಿನಡಿ ಸಿಕ್ಕಿತು ಎಂದರಾಯಿತು. ಯಾರು ಕೇಳುತ್ತಾರೆ? ಮಾಂಬಲಂ ಬರುವಷ್ಟರಲ್ಲಿ ಅವಳಿಗೆ ಆ ಸುಳ್ಳು ಬಾಯಿಪಾಠವಾಗಿತ್ತು. ಓಣಿಯುದ್ದಕ್ಕೂ ಹೆಜ್ಜೆ ಹಗುರವಾಗಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಹಬ್ಬಕ್ಕೆ ಅಟ್ಟ ತೊಳೆಯಲೆಂದು ಡಬ್ಬಗಳನ್ನೆಲ್ಲ ಇಳಿಸಿ ನಡುಮನೆಯಲ್ಲಿ ಸಾಲಾಗಿ ಇಟ್ಟಿದ್ದರು. ಅವುಗಳ ನಡುವೆ ಅಮ್ಮನೂ ಶಾಲಿನಿಯೂ ಕಾಲು ಚಾಚಿ ಕೂತು, ಹಳದಿ ಪೇಪರುಗಳನ್ನು ನೆಲಕ್ಕೆ ಹಾಸಿಕೊಂಡು, ಯಾವುದೋ ಕಾಲದ ಹೇರ್ ಆಯಿಲ್ ಜಾಹೀರಾತನ್ನು ರಾಗವಾಗಿ ಓದಿ ನಗುತ್ತಿದ್ದರು. ಮೆಂತ್ಯದ ಡಬ್ಬಕ್ಕೂ ಹುಣಸೆಹಣ್ಣಿನ ಡಬ್ಬಕ್ಕೂ ನಡುವೆ ಕಂದು ಬಾಟಲಿ ನಿಂತಿತ್ತು. ಲೇಬಲ್ಲು ಶಾಲಿನಿಯ ಕಡೆಗಿತ್ತು.

"ಅನಸೂ, ಏನೇ ಇದು ಬಾಟ್ಲು?" ಎಂದಳು ಪ್ರೇಮಮ್ಮ. "ಅಟ್ಟದ ಮೇಲೆ ಯಾವ ಕಾಲದ ಮದ್ದೋ ಅಂತ ಸಿಂಕಿಗೆ ಸುರಿಯೋಕ್ಕೆ ಹೋಗಿದ್ದೆ. ಇವಳು ಕೈ ಹಿಡ್ಕೊಂಡ್ಲು."

ಶಾಲಿನಿಯ ನಗು ನಿಂತಿತ್ತು. ಅವಳು ಅನಸೂಯಳನ್ನು ನೋಡಲಿಲ್ಲ. ಬಾಟಲಿಯ ತಳಕ್ಕೆ ಅಂಟಿದ್ದ ಹುಣಸೆಯ ಜಿಗುಟನ್ನು ಬೆರಳಿನಿಂದ ಒರೆಸುತ್ತ, "ಇಟ್ಟಿರ್ಲಿ ಅಮ್ಮ. ಅಕ್ಕಂಗೆ ಬೇಕಾಗುತ್ತೆ," ಎಂದಳು.

ಯಾವತ್ತಿನಿಂದ ಇಲ್ಲಿದೆ, ಏಕಿದೆ, ಒಂದು ಮಾತು ಕೇಳಲಿಲ್ಲ. ಮೌನವೆಂದರೆ ತನ್ನ ಸೊತ್ತು ಎಂದು ಅನಸೂಯ ಇಷ್ಟು ದಿನ ಅಂದುಕೊಂಡಿದ್ದಳು. ಆವತ್ತು ಆ ಹುಡುಗಿ ಅದನ್ನೂ ತನಗಿಂತ ಚೆನ್ನಾಗಿ ಬಳಸಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಐಸಿನಡಿ ಸಿಕ್ಕಿತು ಎಂಬ ಸುಳ್ಳು ಇನ್ನು ನಡೆಯುವಂತಿರಲಿಲ್ಲ. ಬಾಟಲಿ ಹೊರಗೆ ತೆಗೆದರೆ ಅಧ್ಯಾಯ ಸಿಗುತ್ತದೆ, ಕದ್ದವಳೆಂದು ಗೊತ್ತಾಗುತ್ತದೆ. ತೆಗೆಯದಿದ್ದರೆ ಶಾಲಿನಿ ಯಾರಿಗೂ ಹೇಳುವುದಿಲ್ಲ, ಅದು ಅನಸೂಯಳಿಗೆ ಖಚಿತವಾಗಿತ್ತು. ಆದರೆ ಉಂಗುರ ಶಾಲಿನಿಯದಾಗುತ್ತದೆ. ಇವಳ ಪಾಲಿಗೆ ಉಳಿಯುವುದು ಅವಳ ದಾಕ್ಷಿಣ್ಯ.

ಮರುದಿನ ಬೆಳಿಗ್ಗೆ ಇಬ್ಬರೂ ಎಂದಿನಂತೆ ಒಟ್ಟಿಗೆ ಸ್ಟೇಷನ್ನಿಗೆ ನಡೆದರು. ಅನಸೂಯಳ ಚೀಲದಲ್ಲಿ ಬಾಟಲಿ ಊಟದ ಡಬ್ಬಿಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಶಾಲಿನಿಗೂ ಕೇಳುತ್ತಿದ್ದಿರಬೇಕು. ಅವಳು ಹಬ್ಬಕ್ಕೆ 'ಅಮ್ಮ' ಮಾಡುವ ಸಿಹಿಯ ಮಾತಾಡಿದಳು. ಅಮ್ಮ ಎಂಬ ಮಾತು ಬಂದಾಗಲೆಲ್ಲ ಅನಸೂಯ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಲ್ಯಾಬಿನಲ್ಲಿ ಅವಳು ನೇರವಾಗಿ ಪ್ರೊಫೆಸರರ ಕೋಣೆಗೆ ಹೋಗಿ ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳು. ರೈಲಿನಲ್ಲಿ ಹೊಳೆದದ್ದನ್ನು ತಮಿಳಿನಲ್ಲಿ, ಒಂದೇ ಉಸಿರಿನಲ್ಲಿ ಹೇಳಿದಳು. ಇಷ್ಟು ಉದ್ದ ಅವಳು ಮಾತಾಡಿದ್ದನ್ನು ಶಂಕರನಾರಾಯಣ ಕೇಳಿರಲಿಲ್ಲ. ಕೇಳುತ್ತ ಅವರ ಎಡಗೈ ತಾನೇ ಬಟ್ಟಲಾಯಿತು. ಮುಗಿದ ಮೇಲೆ ಬಾಟಲಿಯನ್ನು ಎತ್ತಿ ನೋಡಿದರು. ತಳಕ್ಕೆ ಹುಣಸೆಯ ಕಂದು ಕಲೆ, ಅದಕ್ಕೆ ಅಂಟಿಕೊಂಡ ಹಳೆಯ ಪೇಪರಿನ ಚೂರು, ಅದರ ಮೇಲೆ ದುಂಡನೆಯ ಕನ್ನಡ ಅಕ್ಷರ. ಅವರಿಗೆ ಓದಲು ಬರದು. ಅನಸೂಯಳನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಶಾಲಿನಿಯನ್ನು ನೋಡಿದರು. ಶಾಲಿನಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ನಿನ್ನೆಯ ಮೆಚ್ಚಿಗೆ ಅವರ ಕಣ್ಣಿನಿಂದ ಮೆಲ್ಲಗೆ ಇಳಿದು ಹೋದದ್ದನ್ನು ಅನಸೂಯ ಕಂಡಳು.

"ಮಾಡಿ ನೋಡಿ," ಎಂದರು, ಅಷ್ಟೆ.

ಟ್ಯೂಬು ಶಾಲಿನಿಯದು, ಅವಳೇ ಹಿಡಿದಳು. ಹನಿ ಬಿಟ್ಟವಳು ಅನಸೂಯ. ಮೊದಲ ಹನಿಗೆ ಮೂರು ಗೆರೆಗಳು ಒಂದಿಷ್ಟು ತಗ್ಗಿದವು. ಇನ್ನೊಂದಕ್ಕೆ ಇನ್ನಷ್ಟು. ಸೊನ್ನೆಯ ಈಚೆ, ಎಲ್ಲರ ನಡುವೆ, ಹೊರಬಿದ್ದ ಕರ್ಪೂರದ ಗೆರೆಗಳು ಬೆಳೆಯುತ್ತ ಹೋದವು. ಒಳಗೆ ಕೂತವರನ್ನು ಹೀಗೆ ಹನಿ ಹನಿಯಾಗಿ ಎಬ್ಬಿಸಿ ಕಳಿಸುವುದರಲ್ಲಿ ಅವಳಿಗೆ ಒಂದು ಕ್ರೂರವಾದ ಸಮಾಧಾನ ಸಿಕ್ಕಿತು. ಕೊನೆಯ ಕಾಗದದಲ್ಲಿ ಸೊನ್ನೆಯಾಚೆ ನೇರವಾದ ಗೆರೆಯೊಂದು ಅಡ್ಡ ಮಲಗಿತ್ತು, ಅವಳು ವರ್ಷಗಟ್ಟಲೆ ನೋಡಿದ್ದ ಅದೇ ಗೆರೆ.

"ಬಂತಲ್ಲಕ್ಕ," ಎಂದಳು ಶಾಲಿನಿ. ಅವಳ ದನಿಯಲ್ಲಿ ನಿಜವಾದ ಖುಷಿಯಿತ್ತು. ಅದನ್ನು ಸಹಿಸುವುದು ಅನಸೂಯಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಅಧ್ಯಾಯ ಅವಳದಾಯಿತು. ಶಂಕರನಾರಾಯಣ ಮಾತು ತಪ್ಪಲಿಲ್ಲ. ಬಾಟಲಿಯ ವಿಷಯ ಎತ್ತಲಿಲ್ಲ, ಆದರೆ ಫ್ರಿಜ್ಜಿಗೆ ಒಂದು ಬೀಗ ಹಾಕಿಸಿ ಬೀಗದಕೈಯನ್ನು ಶಾಲಿನಿಗೆ ಕೊಟ್ಟರು.

ದೀಪಾವಳಿ ಕಳೆದ ಭಾನುವಾರ ಶಾಲಿನಿ ಹಾಸ್ಟೆಲಿಗೆ ಹೊರಟಳು. ರೂಮು ಸಿಕ್ಕಿ ಆಗಲೇ ಎಷ್ಟೋ ದಿನವಾಗಿತ್ತಂತೆ, ಪ್ರೇಮಮ್ಮ ಹಬ್ಬ ಮುಗಿಯುವವರೆಗೆ ಇರಿಸಿಕೊಂಡಿದ್ದಳಂತೆ. ಅದೂ ಅನಸೂಯಳಿಗೆ ಗೊತ್ತಿರಲಿಲ್ಲ. ಅಮ್ಮ ಚಟ್ನಿಪುಡಿಯ ಡಬ್ಬಿ ಕಟ್ಟಿಕೊಟ್ಟಳು, ಕುಂಕುಮ ಕೊಟ್ಟಳು, ಆಟೋ ಓಣಿ ತಿರುಗುವವರೆಗೆ ಬಾಲ್ಕನಿಯಲ್ಲಿ ನಿಂತಳು. ಒಳಗೆ ಬಂದವಳು ನೇರ ಅಡುಗೆಮನೆಗೆ ಹೋದಳು.

ಮನೆ ಮೊದಲಿನ ಹಾಗಾಯಿತು. ಶಾಲಿನಿಗೆ ಬಿಟ್ಟುಕೊಟ್ಟಿದ್ದ ಮಂಚದ ಕಿಟಕಿಯ ಬದಿ ಅನಸೂಯಳಿಗೆ ಮರಳಿ ಬಂತು. ಅಡುಗೆಮನೆಯ ಹೊಸ್ತಿಲು ಖಾಲಿಯಾಯಿತು. ಬೇಕೆಂದದ್ದೆಲ್ಲ ಸಿಕ್ಕಿತ್ತು. ಸಂಜೆ ಅವಳು ಒಳರೂಮಿನಲ್ಲಿ ಬಾಗಿಲು ಮುಂದೆ ಮಾಡಿ ಕೂತು ಸಂದಿಗೆ ಕಿವಿಗೊಟ್ಟಳು. ಕುಕ್ಕರಿನ ಸದ್ದು, ನಲ್ಲಿಯ ಸದ್ದು. ಆ ಮೌನದಲ್ಲಿ ಈಗ ಹಿತವಿರಲಿಲ್ಲ. ಒಳಗೆ ಏನೆಲ್ಲ ತುಂಬಿದೆ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಎದ್ದು ಹೋದಳು. ಪ್ರೇಮಮ್ಮ ಕಿರುಮಣೆಯ ಮೇಲೆ ಕೂತು, ಡಬ್ಬದ ಕೆಳಗಿನ ಹಳದಿ ಪೇಪರೊಂದನ್ನು ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಓದುತ್ತಿದ್ದಳು. ಅನಸೂಯ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡಳು.

"ಏನು ಓದ್ತಾ ಇದ್ದೀಯ, ಅಮ್ಮ?"

ಪ್ರೇಮಮ್ಮ ತಲೆಯೆತ್ತಿದಳು. ಮಗಳ ಬಾಯಿಂದ ಬಂದ ಕನ್ನಡ ಅವಳಿಗೆ ಯಾರದೋ ದನಿಯಂತೆ ಕೇಳಿಸಿರಬೇಕು. ಒಂದು ಕ್ಷಣ ಮಗಳ ಹಿಂದೆ ಬಾಗಿಲ ಕಡೆ ನೋಡಿದಳು. ಆಮೇಲೆ ಪೇಪರನ್ನು ನಾಲ್ಕಾಗಿ ಮಡಿಸಿ ಮಡಿಲಲ್ಲಿಟ್ಟುಕೊಂಡು, ಇಷ್ಟು ವರ್ಷ ಮಗಳಿಂದಲೇ ಕಲಿತ ಭಾಷೆಯಲ್ಲಿ, ಮೃದುವಾಗಿ ಉತ್ತರ ಕೊಟ್ಟಳು.

"ಒಣ್ಣುಮಿಲ್ಲೆ ಮಾ."

ಅನಸೂಯ ಹೊರಗೆ ಹೋಗಲಿಲ್ಲ. ಹೊಸ್ತಿಲಲ್ಲಿ, ಶಾಲಿನಿ ಕೂರುತ್ತಿದ್ದ ಜಾಗದಲ್ಲಿ ಕೂತು, ಮೊರದಲ್ಲಿದ್ದ ಅವರೆಕಾಯನ್ನು ಹತ್ತಿರ ಎಳೆದುಕೊಂಡಳು. ಹನಿ ಬೀಳುವುದನ್ನು ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ಒಂದೊಂದಾಗಿ ಸುಲಿಯತೊಡಗಿದಳು.